ಕಣಕಾಲಿನ ಪಟ್ಟಿ

ಬಾಗಿಲು ಮುಚ್ಚಿ ಕೂತುಕೊಳ್ಳಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ಓಣಿಯ ಶಮಾಳಿಗೆ ಆದದ್ದು, ಅಮೀನಗಡದ ಹೊರಗೆ, ಆಲದ ಮರದ ದಾರಿಯಲ್ಲಿ.

ಶಮಾ ಬಾಗಲಕೋಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಆಟಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಆಟದೊಳಗಿನ ಮಂದಿ ಕತ್ತಲಲ್ಲಿ ಅಂಜಿ ನಡೆದರೆ ಖರೆ ಅನಿಸಬೇಕು. ಅದಕ್ಕೆ ನಿಜವಾದ ಮಂದಿಯ ನಡಿಗೆ ಹಿಡಿದು ಕಂಪ್ಯೂಟರಿಗೆ ಕಲಿಸಬೇಕು. ಕಣಕಾಲಿಗೆ ಒಂದೊಂದು ಸೆನ್ಸರ್ ಪಟ್ಟಿ ಕಟ್ಟಿದರೆ ಆಯಿತು, ನಡೆದವರ ಕಾಲುಗಳು ಅವಳ ಮೊಬೈಲಿನಲ್ಲಿ ಬಿಳಿ ಗೆರೆಗಳಾಗಿ ನಡೆಯುತ್ತಿದ್ದವು. ಬರೇ ಕಾಲು. ಮೇಲೆ ಮೈ ಇಲ್ಲ.

ಪಕ್ಕದ ಮನೆಯ ಬನಶಂಕರಿ ಕಾಕು ನಡೆಯಲು ಒಪ್ಪಿದಳು. ಮಗ ಗಾಳೆಪ್ಪ ಮಾತ್ರ ಸಿಡುಕಿದ. "ಅವ್ವಗ ಎದಿ ಬ್ಯಾನಿ ಐತಿ. ಕತ್ತಲದಾಗ ಏನರೆ ಆದ್ರ?"

"ಹೆಂಗ ಕರಕೊಂಡು ಹೋಗ್ತೇನಿ, ಹಂಗ ತಂದು ಬಿಡ್ತೇನಿ ಅಣ್ಣಾ," ಎಂದು ಶಮಾ ಮಾತು ಕೊಟ್ಟಳು.

ಅಂದು ರಾತ್ರಿ ಕಾಕುವಿಗೆ ಪಟ್ಟಿ ಕಟ್ಟಿ ಶಮಾ ಆಲದ ಕೆಳಗೆ ನಿಂತಳು. ಕಾಕು ಖಾಲಿ ಕೊಡ ಸೊಂಟಕ್ಕಿಟ್ಟು ಆಚೆಯ ಬತ್ತಿದ ಬಾವಿಯವರೆಗೆ ಹೋಗಿ ತಿರುಗಿ ಬರಬೇಕು, ಅಷ್ಟೇ.

ಚಟ್... ಚಟ್... ಚಪ್ಪಲಿ ಸಪ್ಪಳ ದೂರವಾಯಿತು. ನಿಂತಿತು. ಭಾಳ ಹೊತ್ತು ಏನೂ ಇಲ್ಲ.

ಆಮೇಲೆ ಮೊಬೈಲಿನಲ್ಲಿ ಗೆರೆಗಳು ಎದ್ದವು. ಮೆಲ್ಲಗೆ, ತಡವರಿಸುತ್ತ ಈ ಕಡೆ ಬರತೊಡಗಿದವು. ಶಮಾಳಿಗೆ ಖುಷಿಯೋ ಖುಷಿ, ಇಂಥ ನಡಿಗೆ ಅವಳಿಗೆ ಸಿಕ್ಕೇ ಇರಲಿಲ್ಲ. ಆದರೆ ಚಪ್ಪಲಿ ಸಪ್ಪಳ ಎಲ್ಲಿ? ಬರಿಗಾಲು ಮಣ್ಣಿಗೆ ಬೀಳುವ ದಪ್... ದಪ್. ಅದರ ಜೊತೆಗೆ ನೀರು... ತುಳುಕ್... ತುಳುಕ್.

ಮೊಬೈಲಿನಲ್ಲಿ ಕಾಲು ನಡೆದು ಬರುವುದು ಈ ಕಡೆ, ಪಾದದ ತುದಿ ಆ ಕಡೆ. ಪಟ್ಟಿ ಹಿಂದುಮುಂದು ಕಟ್ಟಿರಬೇಕು ಎಂದುಕೊಂಡಳು. ಓದಿದವರ ಬುದ್ಧಿ ನೋಡಿ... ತುಳುಕುವ ನೀರು ಕಿವಿಗೆ ಬೀಳುತ್ತಿದ್ದರೂ ತಪ್ಪು ಪಟ್ಟಿಯದೇ!

"ಕಾಕೂ..." ಪಿಸುಗುಟ್ಟಿದಳು. "ನಿಂದರ್ರಿ. ಪಟ್ಟಿ ಉಲ್ಟಾ ಆಗ್ಯಾವ."

"ಯಾರ ಜೋಡಿ ಮಾತಾಡಾಕತ್ತಿ?"

ದನಿ ಬಂದದ್ದು ಬೆನ್ನ ಹಿಂದಿನಿಂದ. ಕಾಕು!

"ಪಟ್ಟಿ ಕೆರೀತಿದ್ವು ಯವ್ವಾ. ಬಿಚ್ಚಿ ಬಾವಿ ಕಟ್ಟಿ ಮ್ಯಾಲ ಇಟ್ಟು ಹೊಲದಾಗಿಂದ ಬಂದೇನಿ."

ಶಮಾ ಮೊಬೈಲು ತೋರಿಸಿದಳು. ಗೆರೆಗಳು ನಿಂತಿದ್ದವು. ಕಾಕುವಿನ ಕೈ ಎದೆಗೆ ಹೋಯಿತು.

"ತಿರುಗಿ ನೋಡಬ್ಯಾಡ... ನಡಿ."

ಆ ದಾರಿ ಹೇಗೆ ಮುಗಿಯಿತೋ ದೇವರಿಗೇ ಗೊತ್ತು. ಶಮಾ ಕಾಕುವಿನ ರಟ್ಟೆ ಗಟ್ಟಿಯಾಗಿ ಹಿಡಿದಿದ್ದಳು. ಕಾಕು ಏದುಸಿರು ಬಿಡುತ್ತಿದ್ದಳು. ಹಿಂದೆ ದಪ್... ತುಳುಕ್... ದಪ್. ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಯಾ ಅಲ್ಲಾ, ಈಕೆಯನ್ನು ಮನೆ ಮುಟ್ಟಿಸು, ನನ್ನ ಸಂಶೋಧನೆ ಹಾಳಾಗಿ ಹೋಗಲಿ ಎಂದು ಶಮಾ ಬೇಡಿಕೊಂಡಳು.

ಗಾಳೆಪ್ಪ ಬಾಗಿಲು ತೆಗೆದ. ಇಬ್ಬರೂ ಒಳಗೆ ಬಿದ್ದರು. ಅಗಳಿ ಖಟ್ ಎಂದಿತು. ಕಾಕು ಹಾಸಿಗೆ ಮೇಲೆ ಒರಗಿ ನೀರು ಕುಡಿದು ಉಸಿರು ಬಿಟ್ಟಳು. ಕೊಟ್ಟ ಮಾತು ಉಳಿಯಿತಲ್ಲ ಎಂದು ಶಮಾಳಿಗೆ ಅಳುವೇ ಬಂತು.

ಮೊಬೈಲು ಆರಿಸಲು ನೋಡಿದಳು. ಗೆರೆಗಳು ನಡೆಯುತ್ತಿರಲಿಲ್ಲ, ನಿಂತೂ ಇರಲಿಲ್ಲ. ಮಡಚಿಕೊಂಡಿದ್ದವು... ನೆಲದ ಮೇಲೆ ಕೂತವರ ಕಾಲಿನ ಹಾಗೆ.

ಯಾರೂ ಮಲಗಲಿಲ್ಲ, ದೀಪ ಆರಿಸಲಿಲ್ಲ. ಬೆಳಗಾದ ಮೇಲೆ ಗಾಳೆಪ್ಪ ಬಾವಿಗೆ ಹೋಗಿ ಬಂದ. ಕಟ್ಟೆಯ ಮೇಲೆ ಪಟ್ಟಿ ಇರಲಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದಂತೂ ಖರೆ. ಆ ಪಟ್ಟಿಗಳನ್ನು ಗಾಳೆಪ್ಪ ನನ್ನ ಕೈಯಲ್ಲೇ ಕೊಟ್ಟು ತೋರಿಸಿದ್ದಾನೆ. ಸಿಕ್ಕದ್ದು ಮನೆಯೊಳಗೆ, ಕಾಕುವಿನ ಹಾಸಿಗೆಯ ಬದಿಗೆ. ಕಾಕು ಬಿಚ್ಚಿಟ್ಟಿದ್ದ ಬಕಲ್ಲು ಎರಡಕ್ಕೂ ಮತ್ತೆ ಹಾಕಿತ್ತು. ಬೆರಳು ತೂರಿಸಿ ನೋಡಿದೆ... ಬರೇ ಎಲುಬಿಗೆ ಬಿಗಿದ ಹಾಗೆ, ಒಳಗೆ ನನ್ನ ಎರಡು ಬೆರಳಿಗಷ್ಟೇ ಜಾಗವಿತ್ತು.