ಹೆಂಪ್ ಕಪಾಟಿನ ಚಾದರ

ಬೆಳಿಗ್ಗೆ ಲಾಂಡ್ರಿಯಲ್ಲಿ ಮಗಳು ಕೋರಾಳ ಕಾಲುಚೀಲಗಳನ್ನು ಜೋಡಿಸುತ್ತಿದ್ದೆ. ಪಕ್ಕದ ಯಂತ್ರದ ಮುಂದೆ ನಿಂತಿದ್ದ ಲವಾನ್ ಮೇಲೆ ಅವಳ ಗಂಡ ಡ್ವೇನ್ ಕೂಗಿದ್ದು ಕೇಳಿ ನನ್ನ ಕೈ ನಿಂತಿತು. ಅವರದು ಹೆಂಪ್, ಅಂದರೆ ಗಾಂಜಾ ಜಾತಿಯ ಗಿಡದ ಸಾರ ಬೆರೆಸಿದ ಮಿಠಾಯಿಯ ಅಂಗಡಿ.

"ಕಪಾಟು ಮುಚ್ಚೋ ಚಾದರಾನೇ ಒಗೆಯೋಕೆ ಹಾಕಿದ್ಯಾ!"

"ಹೆಂಪ್ ಮಾರಬಾರ್ದು ಅನ್ನೋ ಸರ್ಕಾರದ ನಿಯಮಕ್ಕೆ ನಮ್ಮ ಅಂಗಡಿಯವರ ಸಂಘ ಆಸ್ಟಿನ್ ಕೋರ್ಟಲ್ಲಿ ತಡೆಯಾಜ್ಞೆ ತಂದಿದ್ಯಲ್ಲ ಮಾರಾಯ. ಮಾರಬಹುದು ಅಂದ್ಮೇಲೆ ಮುಚ್ಚೋದ್ಯಾಕೆ?"

"ಅದು ಸೋಮವಾರದ ಕಥೆ. ನಿನ್ನೆ ಮೇಲಿನ ಕೋರ್ಟು ಆ ತಡೆ ತೆಗೆದುಹಾಕ್ತು. ಇನ್ಸ್‌ಪೆಕ್ಟರ್ ಬಂದ್ರೆ ಲೈಸೆನ್ಸೇ ಹೋಗುತ್ತೆ!"

"ಅಯ್ಯೋ, ಇದು ಇನ್ನೂ ಒದ್ದೆ!"

"ಕೊಡೇ, ಹಾಗೇ ಹೊದಿಸ್ತೀನಿ."

"ಹಿಂಡೋಕಾದ್ರೂ ಬಿಡು. ಅಂಗಡಿ ಕೆರೆಯಾಗುತ್ತೆ!"

"ಕೆರೆಗೆ ಲೈಸೆನ್ಸ್ ಕೇಳಲ್ಲ, ನಡಿ!"

ನೀರು ಸೋರುವ ಚಾದರದ ಒಂದೊಂದು ತುದಿ ಹಿಡಿದು ಇಬ್ಬರೂ ಓಡಿದರು.

ಅಷ್ಟು ಹೊತ್ತು ನನ್ನ ಅಂಗಿಯಂಚು ಎಳೆಯುತ್ತಿದ್ದ ಕೋರಾ ಜೋರಾಗಿಯೇ ಕೇಳಿದಳು:

"ಅಮ್ಮಾ, ಸೋಮವಾರ ಒಳ್ಳೇದಾಗಿದ್ದ ಮಿಠಾಯಿ ನಿನ್ನೆ ಹೇಗೆ ಕೆಟ್ಟದ್ದಾಯ್ತು?"