ಕುರ್ಚಿಯ ಮುಂದಿನ ಮಂದೆ

ನೆಮ್ಮದಿ ಬೇಕೆಂದು ಬಂದು ಕುಳಿತಿದ್ದೀರಿ. ನಿಮ್ಮ ಹಾಗೆಯೇ ನೆಮ್ಮದಿ ಬೇಕಿದ್ದ ಒಬ್ಬ ಸಿರಿವಂತನ ಕಥೆ ಕೇಳಿ. ಊರಿನ ಹೆಸರು ಬೇಡ. ಹೇಳಿದರೆ ನೀವು ಪಕ್ಕದವರ ಮುಖ ನೋಡುತ್ತೀರಿ.

ಅವನಿಗೆ ಹನ್ನೆರಡು ಎಕರೆಯ ಗುಡ್ಡ, ಅದರ ನೆತ್ತಿಯಲ್ಲಿ ಬಂಗಲೆ. ವರ್ಷಾವರ್ಷ ಕಳೆನಾಶಕ ಹೊಡೆಸುತ್ತಿದ್ದ. ಹುಲ್ಲು ಸಾಯುತ್ತಿತ್ತು, ಕಳೆ ಮಾತ್ರ ಮರಳಿ ಬರುತ್ತಿತ್ತು. ಅವನಿಗೆ ನಿದ್ದೆ ಇರಲಿಲ್ಲ. ಡಾಕ್ಟರು ಹೇಳಿದರು: “ಮಾತ್ರೆ ನುಂಗಿದ್ದು ಸಾಕು. ದಿನವೂ ಒಂದು ಗಂಟೆ, ಮೇಯುವ ಪ್ರಾಣಿಗಳ ನಡುವೆ ಓಡಾಡಿ.”

ಓಡಾಡಿ ಎಂದರು, ನೋಡಿ. ಇವನು ಬೆತ್ತದ ಕುರ್ಚಿ ತರಿಸಿದ.

ದಾರಿಯಲ್ಲಿ ಹೋಗುತ್ತಿದ್ದ ಕುರಿಗಾಹಿ ಗಂಡ ಹೆಂಡತಿಯನ್ನು ಕರೆಸಿದ. ಸುತ್ತಲಿನ ಬಯಲಿಗೆಲ್ಲ ಬೇಲಿ ಬಿದ್ದಿತ್ತು. ಅವರಿಗೂ ಮೇವು ಬೇಕಿತ್ತು. ಕುರಿಗಾಹಿ ಹೇಳಿದ: “ಔಷ್ದಿ ಹೊಡಿಸೋದು ಬಿಡಿ ಬುದ್ಧಿ. ಮಂದೆ ಸುತ್ತ ಬಲೆ ಕಟ್ಟಿ ಮೂರ್ ಮೂರ್ ದಿನಕ್ಕೆ ಜಾಗ ಬದಲಾಯಿಸ್ತೀವಿ. ಮೇಯ್ದ ತಾವಿಗೆ ತಿರುಗಿ ಬರೋದು ಎರಡು ತಿಂಗಳಾದ್ಮೇಲೆ. ಗುಡ್ಡ ತಾನಾಗೇ ಸರಿ ಹೋಯ್ತದೆ.”

ಮೊದಲ ಮೂರು ದಿನ ಮಂದೆ ಬಂಗಲೆಯ ಮುಂದೆ ಮೇಯಿತು. ಕಚಕಚ ಎಂದು ಹುಲ್ಲು ಕತ್ತರಿಸುವ ಸದ್ದು ಕೇಳುತ್ತ ಸಿರಿವಂತ ಕುರ್ಚಿಯಲ್ಲೇ ಗೊರಕೆ ಹೊಡೆದ. ನಾಲ್ಕನೆಯ ದಿನ ಕುರಿಗಾಹಿ ಬಲೆ ಸುತ್ತತೊಡಗಿದ.

“ಎಲ್ಲಿಗೋ?”

“ಕೆಳಗಿನ ಇಳಿಜಾರಿಗೆ ಬುದ್ಧಿ.”

“ಅಲ್ಲಿದ್ರೆ ನನಗೆ ಕಾಣಲ್ಲ. ಇಲ್ಲೇ ಇರಲಿ.”

“ಹುಲ್ಲು ಚಿಗುರಬೇಕಲ್ಲ.”

“ದಿನಾ ನೀರು ಬಿಡಿಸ್ತೀನಿ. ಚಿಗುರದೇ ಎಲ್ಲಿಗೆ ಹೋಗುತ್ತೆ?”

ನೀರು ಬಿಡಿಸಿದ. ಎಂಥ ಬುದ್ಧಿವಂತ ನೋಡಿ. ಕುರಿಯ ಹೊಟ್ಟೆಹುಳುವಿನ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಒದ್ದೆ ನೆಲದಲ್ಲಿ ವಾರದೊಳಗೆ ಮರಿಯಾಗಿ ಹುಲ್ಲಿನ ಬುಡ ಹತ್ತುತ್ತದೆ. ಅಲ್ಲೇ ನಿಂತು ಮೇಯುವ ಕುರಿ ಅದನ್ನೇ ನುಂಗುತ್ತದೆ. ಕುರಿಗಾಹಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವನಲ್ಲ. ಅವನ ಹಿರಿಯರು ಸತ್ತ ಕುರಿಗಳನ್ನು ನೋಡಿ ಕಲಿತದ್ದನ್ನು ಅವನು ಮರೆತಿರಲಿಲ್ಲ, ಅಷ್ಟೆ.

ಬೇರೆ ಮೇವು ಸಿಗದ ಮಂದೆ ಅಲ್ಲೇ ತಿಂಗಳು ಕಳೆಯಿತು. ಕುರಿಗಾಹಿ ಒಂದು ಮರಿಯನ್ನು ಎತ್ತಿ ತಂದು ಕೆಳರೆಪ್ಪೆ ಎಳೆದು ತೋರಿಸಿದ. ಕೆಂಪಿರಬೇಕಾದಲ್ಲಿ ಕಾಗದದ ಬಿಳುಪು. ದವಡೆಯ ಕೆಳಗೆ ನೀರು ತುಂಬಿ ಜೋತಾಡುತ್ತಿತ್ತು.

“ಹದಿನಾರು ಮರಿ ಹಿಂಗಾಗವೆ ಬುದ್ಧಿ. ಜಾಗ ಬದಲಾಯಿಸಿ, ಹುಳದ ಔಷ್ದಿ ಕುಡಿಸಿದ್ರೆ ಉಳೀತವೆ. ಇಲ್ಲೇ ಇದ್ರೆ ಮಂದೇನೇ ಹೋಯ್ತದೆ.”

ಸಿರಿವಂತ ಏನೆಂದ ಗೊತ್ತೇ? “ಅದನ್ನ ಆ ಕಡೆ ತಗೊಂಡು ಹೋಗು ಮಾರಾಯ. ಮನಸ್ಸಿಗೆ ಹಿತವಾದ್ದನ್ನೇ ನೋಡ್ಬೇಕು ನಾನು.”

ಆ ಮರಿ ಅವನ ಕುರ್ಚಿಯ ಮುಂದೆಯೇ ಸತ್ತಿತು. ಅವನು ಕುರ್ಚಿಯನ್ನು ತಿರುಗಿಸಿಕೊಂಡ.

ಆಗ ಕುರಿಗಾಹಿಯ ಹೆಂಡತಿ ಬಲೆಯ ಗೂಟ ಕಿತ್ತಳು. “ನಿಮ್ಗೆ ನಿದ್ದೆ ಬೇಕು ಅಂತ ನಮ್ಮ ಮಂದೆ ಸಾಯ್ಬೇಕಾ ಬುದ್ಧಿ? ಅಷ್ಟು ಬೇಕಿದ್ರೆ ಕುರ್ಚಿ ತಲೆ ಮೇಲೆ ಹೊತ್ಕೊಂಡು ನಮ್ಮ ಹಿಂದೆ ಬನ್ನಿ. ನಡೆದ್ರೆ ನಿದ್ದೆ ಬತ್ತದೆ.”

ಮಂದೆ ಗೇಟು ದಾಟಿತು. ಬೇಲಿಗಳಾಚೆಯ ದೂರದ ಬಯಲಲ್ಲಿ, ಔಷಧ ಕುಡಿದು, ಉಳಿದ ಹದಿನೈದು ಮರಿಗಳಲ್ಲಿ ಹನ್ನೊಂದು ಬದುಕಿದವು. ಸಿರಿವಂತ ಹಿಂದೆ ಹೋದನೇ? ಎಲ್ಲಿಯ ಮಾತು. ಆರು ಸಿಮೆಂಟಿನ ಕುರಿ ಮಾಡಿಸಿ, ಬೋಳು ನೆಲದ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿ ನಿಲ್ಲಿಸಿದ. ಅವಕ್ಕೆ ರೋಗ ಬರುವುದಿಲ್ಲ. ಇವನಿಗೆ ನಿದ್ದೆ ಬರುವುದಿಲ್ಲ.

ನಗುತ್ತಿದ್ದೀರಿ. ನಗಿ. ಭಾನುವಾರ ಊರಾಚೆಯ ತೋಟಕ್ಕೆ ಹೋಗಿ ಕುರಿಮರಿ ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುವವರು ಯಾರು? ಸೋಮವಾರ ಬಡಾವಣೆಯ ಸಭೆಯಲ್ಲಿ “ಹಿಕ್ಕೆ ಬೀಳುತ್ತೆ, ಒಳಗೆ ಬಿಡಬೇಡಿ” ಎಂದು ಕೈ ಎತ್ತುವವರು ಯಾರು? ಸಿಮೆಂಟಿನ ಕುರಿಗಳೇ? ನೀವೇ. ಹಿಕ್ಕೆ ಬೇಡ, ರೋಗ ಬೇಡ, ನಡಿಗೆ ಬೇಡ; ಹಸಿರು ಮಾತ್ರ ನಿಮ್ಮ ಕಿಟಕಿಯ ಮುಂದೆ ನಿಂತಿರಬೇಕು.

ಖಾಲಿ ನಿವೇಶನಕ್ಕೆ ಕಳೆನಾಶಕ ಹೊಡೆಸುವುದನ್ನು ಈ ವಾರವೇ ಬಿಡಿ. ಮಂದೆ ಬಂದರೆ ಮೇಯಲು ಬಿಡಿ, ಹೊರಟರೆ ತಡೆಯಬೇಡಿ. ರಸ್ತೆಗೆ ಅಡ್ಡ ಬಂದರೆ ಹಾರ್ನ್ ಒತ್ತದೆ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಜೊತೆಗೆ ನಡೆಯಿರಿ, ಕುಂಟುವ ಕುರಿ ಯಾವುದೆಂದು ಕೇಳಿ. ನಿಮ್ಮ ಬಡಾವಣೆಯ ಗೇಟಿಗೆ “ಕುರಿ ಮೇಕೆಗಳಿಗೆ ಪ್ರವೇಶವಿಲ್ಲ” ಎಂಬ ಹಲಗೆ ತೂಗುಹಾಕಿದ್ದೀರಿ. ನಾಳೆ ಬೆಳಗ್ಗೆ ಅದನ್ನು ಇಳಿಸಿ. ಇಳಿಸುವವರೆಗೆ ನೆಮ್ಮದಿ ಕೇಳಿಕೊಂಡು ನನ್ನ ಹತ್ತಿರ ಬರಬೇಡಿ.