ಸೋಲುವ ಹಡಗಿನ ಸಾಹುಕಾರ

ಒಂದು ಪೇಟೆ ಊರು. ಆ ಊರಿನಲ್ಲಿ ಒಬ್ಬ ಸಾಹುಕಾರ. ಹೆಸರು ಕೇಳಬೇಡಿ, ಅವನ ಬೀಗರು ಈ ಪ್ರವಚನದ ಸಭೆಯಲ್ಲೇ ಎಲ್ಲಾದರೂ ಕೂತಿರಬಹುದು. ದೊಡ್ಡ ಬಟ್ಟೆ ಅಂಗಡಿ, ಕೈತುಂಬ ವ್ಯಾಪಾರ. ವರ್ತಕರ ಸಂಘಕ್ಕೆ ಪ್ರತಿ ಸಲವೂ ಅವನೇ ಅಧ್ಯಕ್ಷ. ಚುನಾವಣೆ ಎಂದರೆ ಅವನ ಪಾಲಿಗೆ ಕೊರಳು ಚಾಚಿ ಹಾರ ಹಾಕಿಸಿಕೊಳ್ಳುವ ಕಾರ್ಯಕ್ರಮ, ಅಷ್ಟೆ.

ಈ ಸಲ ಅವನೆದುರು ಪಾತ್ರೆ ಅಂಗಡಿಯ ದುಂಡಪ್ಪ ನಿಂತ. ನೋಡಿ, ಇವನ ಹೆಸರು ಹೇಳಲು ಅಡ್ಡಿಯಿಲ್ಲ, ಗೆದ್ದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಹೌದು, ದುಂಡಪ್ಪ ಗೆದ್ದ. ಸಾಹುಕಾರ ಸೋತ.

ಸೋತವನು ಏನು ಮಾಡಬೇಕಿತ್ತು? ಹೋಗಿ ದುಂಡಪ್ಪನ ಕೈ ಕುಲುಕಿ, ಸಂಘದ ಕಲ್ಯಾಣ ಮಂಟಪದ ಬೀಗದ ಕೈಯನ್ನು ಒಪ್ಪಿಸಬೇಕಿತ್ತು. ಇವನು ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡು ಮನೆ ಸೇರಿದ. ಕೇಳಲು ಬಂದವರಿಗೆ ‘ಜ್ವರ’ ಎಂದು ಹೆಂಡತಿಯಿಂದ ಹೇಳಿಸಿದ. ಎಂಥ ಜ್ವರ ಅಂತೀರಿ! ಯಾವ ಡಾಕ್ಟರ ಕೈಗೂ ಸಿಗದ ಜ್ವರ.

ಒಳಗೆ ಕೂತು ಏನು ಮಾಡುತ್ತಿದ್ದ? ಅವನ ಅಳಿಯ ಹಬ್ಬಕ್ಕೆ ಬಂದಾಗ ಟಿವಿಗೆ ಜೋಡಿಸುವ ವಿಡಿಯೋ ಗೇಮ್ ಒಂದನ್ನು ಬಿಟ್ಟು ಹೋಗಿದ್ದ. ಹಿಂದಿನ ಕಾಲದ ಸಮುದ್ರ ಯುದ್ಧಗಳ ಆಟ. ನಮ್ಮ ಸಾಹುಕಾರ ಸಮುದ್ರ ನೋಡಿದ್ದೇ ಒಂದು ಸಲ, ಗೋಕರ್ಣದಲ್ಲಿ. ಅದೂ ಚಪ್ಪಲಿಯನ್ನು ಅಲೆಗೆ ಕೊಟ್ಟು ಬರಿಗಾಲಲ್ಲಿ ಬಂದಿದ್ದ. ಅಂಥವನು ಈಗ ಸೋಫಾದ ಮೇಲೆ ಕೂತು ಜಪಾನಿನ ನೌಕಾ ಸೇನಾಪತಿ!

ನೂರು ವರ್ಷಕ್ಕೂ ಹಿಂದೆ ರಷ್ಯಾಕ್ಕೂ ಜಪಾನಿಗೂ ಯುದ್ಧ ನಡೆಯಿತು. ರಷ್ಯಾದ ಹಡಗುಗಳು ಅರ್ಧ ಭೂಮಿ ಸುತ್ತಿಕೊಂಡು, ತಿಂಗಳುಗಟ್ಟಲೆ ತೇಲಿ, ಜಪಾನಿನ ಹತ್ತಿರ ಬಂದವು. ಬಂದವು, ಮುಳುಗಿದವು. ಕೆಲವೇ ಕೆಲವು ಪಾರಾದವು. ಆಟದಲ್ಲಿ ನೀವು ಯಾವ ಪಕ್ಷವನ್ನಾದರೂ ಆರಿಸಿಕೊಳ್ಳಬಹುದು. ಸಾಹುಕಾರ ಯಾವುದನ್ನು ಆರಿಸಿಕೊಂಡ? ಕೇಳಬೇಕೆ? ಗೆದ್ದವರನ್ನೇ. ಬೆಳಗ್ಗೆ ತಿಂಡಿಗೆ ಮುಂಚೆ ಒಂದು ಗೆಲುವು, ಊಟವಾದ ಮೇಲೆ ಇನ್ನೊಂದು ಗೆಲುವು. ಜ್ವರ ಇಳಿಯುತ್ತಿತ್ತು.

ಹೆಂಡತಿ ಚಹಾ ತಂದಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು: “ಅಲ್ರೀ, ಈ ಜಪಾನಿನವ್ರು ನೀವು ಇಲ್ಲದಾಗೂ ಗೆದ್ದಾರಲ್ಲ. ಇದ್ರಾಗ ನೀವು ಮಾಡಿದ್ದೇನು?”

ನೋಡಿ, ಗುಂಡು ಬಿದ್ದದ್ದು ಎಲ್ಲಿಗೆ! ಸಾಹುಕಾರನಿಗೆ ರೋಷ ಬಂತು. ಸೋತವರ ಪಕ್ಷ ಹಿಡಿದು ಗೆದ್ದು ತೋರಿಸುತ್ತೇನೆ, ಇತಿಹಾಸವನ್ನೇ ತಿರುಗಿಸುತ್ತೇನೆ ಎಂದು ರಷ್ಯಾದ ಹಡಗು ಹತ್ತಿದ. ಮುಳುಗಿದ. ಮತ್ತೆ ಹತ್ತಿದ, ಮತ್ತೆ ಮುಳುಗಿದ. ಚಹಾ ಚೆಲ್ಲಿ ಕೈ ಜಾರಿತು ಎಂದ. ಗಾಳಿ ಸರಿಯಿಲ್ಲ ಎಂದ. ಫ್ಯಾನಿನ ಗಾಳಿಯಲ್ಲ, ಟಿವಿಯೊಳಗಿನ ಗಾಳಿ! ಕಡೆಗೆ ಅಳಿಯನನ್ನೇ ಹಿಡಿದ, ಅವನು ತಂದ ವಸ್ತು ಯಾವತ್ತು ನೆಟ್ಟಗಿತ್ತು ಎಂದ. ತಾನು ಸೋತೆ ಎಂದು ಮಾತ್ರ ಅನ್ನಲಿಲ್ಲ.

ಅಷ್ಟರಲ್ಲಿ ಹೂವಿನ ವ್ಯಾಪಾರಿಯೊಬ್ಬ ಬಾಗಿಲಿಗೆ ಬಂದ. ನಾಳೆ ಅವನ ಮಗಳ ಮದುವೆ, ಮಂಟಪ ಗೊತ್ತು ಮಾಡಿ ತಿಂಗಳುಗಳಾಗಿದ್ದವು, ಗಂಡಿನ ಕಡೆಯವರು ಬಂದಿಳಿದಿದ್ದರು, ಮಂಟಪದ ಬಾಗಿಲಿಗೆ ಬೀಗ. ಒಳಗಿನಿಂದ ಸಾಹುಕಾರ ಕೈಸನ್ನೆ ಮಾಡಿದ: ಜ್ವರ ಎಂದು ಹೇಳು. ಹೆಂಡತಿ ಹೊರಗೆ ಹೋಗಿ ಏನೋ ಮಾತಾಡಿ ಬಂದಳು. ಬಂದವಳು ಗಂಡನ ಕೈಯಿಂದ ಆಟದ ರಿಮೋಟ್ ಇಸಿದುಕೊಂಡಳು. ಹಡಗು ತಿರುಗಿಸುವ ಗುಂಡಿ ಯಾವುದು ಎಂದು ಕೇಳಿದಳು.

ಇದು ಯುದ್ಧ, ತಿರುಗಿ ಓಡುವುದಲ್ಲ ಎಂದು ಅವನು ನಕ್ಕ.

“ಹಡಗಿನಾಗ ಮಂದಿ ಅದಾರೋ ಇಲ್ಲೋ?”

ಆಗ ಸಾಹುಕಾರ ಮೊದಲ ಸಲ ನೋಡಿದ. ಹಡಗಿನ ಮೇಲೆ ಎಳ್ಳಿನಷ್ಟು ಎಳ್ಳಿನಷ್ಟು ಜನ ಓಡಾಡುತ್ತಿದ್ದರು. ಇಷ್ಟು ದಿನ ಅವನಿಗೆ ತೋಪು ಕಂಡಿತ್ತು, ಬಾವುಟ ಕಂಡಿತ್ತು, ಜನ ಕಂಡಿರಲಿಲ್ಲ. ಅವಳು ಒಂದು ಗುಂಡನ್ನೂ ಹಾರಿಸಲಿಲ್ಲ. ಉಳಿದ ಹಡಗುಗಳನ್ನು ರಷ್ಯಾದ ಬಂದರಿನ ಕಡೆ ತಿರುಗಿಸಿದಳು. ಬಹಳಷ್ಟು ಮುಳುಗಿದವು. ಒಂದು ದೊಡ್ಡದು, ಒಂದೆರಡು ಸಣ್ಣವು ದಡ ಮುಟ್ಟಿದವು. ಟಿವಿಯಲ್ಲಿ ಸೋಲು ಎಂದು ದಪ್ಪ ಅಕ್ಷರ ಬಂತು.

ಅವಳು ಎದ್ದು ನಿಂತು ಹೇಳಿದಳು: “ಸೋತ್ವಿ. ಇಷ್ಟು ಮಂದಿ ಆದ್ರೂ ಮನೀ ಮುಟ್ಟಿದ್ರು. ಇನ್ನ ನೀವು ಜಳಕಾ ಮಾಡ್ರಿ. ಮಂಟಪದ ಮುಂದ ಬೀಗರು ಗಂಟುಮೂಟಿ ಇಟ್ಕೊಂಡು ಬಿಸಲಾಗ ಕುಂತಾರ.”

ಸಾಹುಕಾರ ಮೆಲ್ಲಗೆ ಕೇಳಿದ: “ದುಂಡಪ್ಪ ಬೀಗ ಒಡಸಲಿಲ್ಲೇನು?”

“ಮಂದಿ ಒಡೀತೀವಿ ಅಂದ್ರಂತ. ಅಂವ ಬ್ಯಾಡ ಅಂದ್ನಂತ. ಒಡದ್ರ ನಾಳೆ ಸಾಹುಕಾರ್ರು ಪ್ಯಾಟ್ಯಾಗ ಹೆಂಗ ತಿರಗ್ಯಾಡಬೇಕು ಅಂದ್ನಂತ.”

ಚುನಾವಣೆಯಲ್ಲಿ ಆಗದ ಗಾಯ ಆ ಮಾತಿಗೆ ಆಯಿತು. ಅವನು ಸ್ನಾನ ಮಾಡಿದ, ಅಂಗಿ ಹಾಕಿಕೊಂಡ, ಪೇಟೆಯ ನಡುವೆ ನಡೆದುಕೊಂಡೇ ಹೋದ. ಪ್ರತಿ ಅಂಗಡಿಯಿಂದಲೂ ಒಂದೊಂದು ತಲೆ ಹೊರಗೆ ಬಂತು. ಮಂಟಪದ ಮುಂದೆ ನಿಂತಿದ್ದ ದುಂಡಪ್ಪನ ಕೈಯಲ್ಲಿ ಬೀಗದ ಕೈಯನ್ನು ಇಟ್ಟ.

“ದುಂಡಪ್ಪಾ, ನಾ ಸೋತೇನಿ.”

ದುಂಡಪ್ಪ ಬೀಗ ತೆಗೆದ, ಒಳಗೆ ಹೋದ, ಹೊರಗೆ ಬಂದ. “ನೀರಿನ ಮೋಟರ್ ಸುರು ಆಗವಲ್ದ್ರೀ. ಅದರ ಮರ್ಮ ನಿಮಗ ಗೊತ್ತು, ಬರ್ರಿ” ಎಂದ. ಸಾಹುಕಾರ ಅಂಗಿಯ ತೋಳು ಮಡಚಿ, ಮೋಟರಿಗೆ ಎಲ್ಲಿ ಒದೆಯಬೇಕೋ ಅಲ್ಲಿ ಒದ್ದ. ನೀರು ಬಂತು. ಮಾರನೆಯ ದಿನ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದವನು ಯಾರು? ಅವನೇ! ಬೇಡ ಬೇಡ ಎಂದವರಿಗೂ ಬಡಿಸಿದ.

ಕಥೆ ಸಾಹುಕಾರನದು. ಈಗ ನಮ್ಮದಕ್ಕೆ ಬರೋಣ. ಕಂಬದ ಪಕ್ಕ ಕೂತವರೇ, ತಲೆ ಬಗ್ಗಿಸಬೇಡಿ, ನಾನು ನಿಮ್ಮನ್ನು ನೋಡಿ ಹೇಳುತ್ತಿರಲಿಲ್ಲ. ಬಗ್ಗಿಸಿದಿರಿ, ಅದಕ್ಕೇ ಈಗ ನೋಡುತ್ತಿದ್ದೇನೆ.

ಗೆಲ್ಲುವ ಪಕ್ಷದಲ್ಲಿ ನಿಲ್ಲಲು ಯಾವ ಧೈರ್ಯ ಬೇಕು ಹೇಳಿ? ಮನೆಯಲ್ಲಿ ಅತ್ತೆ ಸೊಸೆ ಜಗಳವಾಡಿದರೆ ನೀವು ಯಾವ ಕಡೆ? ಅವತ್ತು ಅಡುಗೆಮನೆ ಯಾರ ಕೈಯಲ್ಲಿದೆಯೋ ಆ ಕಡೆ! ಸೋಲುವುದು ಖಂಡಿತ ಎಂದು ಗೊತ್ತಾದ ಮೇಲೂ ಒಂದು ಮಾತಿಗಾಗಿ ಜಗ್ಗಾಡುತ್ತೀರಿ. ನಿಮ್ಮ ಜೊತೆ ಮುಳುಗುವವರು ಯಾರು? ಹೆಂಡತಿ, ಮಕ್ಕಳು, ಆ ಕಡೆಯೂ ಹೋಗಲಾರದೆ ಈ ಕಡೆಯೂ ಬರಲಾರದೆ ನಡುವೆ ನಿಂತ ತಾಯಿ.

ಅದಕ್ಕೇ ಹೇಳುತ್ತೇನೆ. ಇವತ್ತು ಮನೆಗೆ ಹೋಗಿ ಒಂದು ವಾದದಲ್ಲಿ ಸೋಲಿ. ‘ನೀ ಹೇಳಿದ್ದು ಖರೆ’ ಅನ್ನಿ, ಅಲ್ಲಿಗೆ ನಿಲ್ಲಿಸಿ. ‘ಆದರೆ’ ಅನ್ನಬೇಡಿ. ‘ಆದರೆ’ ಅಂದಿರೋ, ಮತ್ತೆ ತೋಪು ಹಾರಿಸಿದಿರಿ. ಇನ್ನು ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವರು ಇಲ್ಲಿ ಬಹಳ ಜನ ಇದ್ದೀರಿ, ನನಗೆ ಗೊತ್ತು. ನೀವು ಪ್ರಸಾದ ತೆಗೆದುಕೊಂಡು ನೇರ ಅವನ ಮನೆಗೆ ಹೋಗಿ. ಯಾಕೆ ಬಂದೆ ಎಂದು ಕೇಳುತ್ತಾನೆ. ‘ಸೋತು ಬಂದೀನಪಾ, ಒಂದು ಕಪ್ ಚಾ ಕುಡಸು’ ಅನ್ನಿ. ಅವನು ಚಹಾ ಕೊಡದಿದ್ದರೆ ನಾಳೆ ಬಂದು ನನ್ನನ್ನು ಬೈಯಿರಿ. ಕೊಟ್ಟರೆ ನಾಳೆ ಪ್ರವಚನಕ್ಕೆ ಅವನನ್ನೂ ಕರೆದುಕೊಂಡು ಬನ್ನಿ, ಇಬ್ಬರೂ ಒಂದೇ ಚಾಪೆಯ ಮೇಲೆ ಕೂತುಕೊಳ್ಳಿ.